ಎಪ್ಪತ್ತೆರಡರ ಆಚೆ ಬಿದ್ದ ಸೊನ್ನೆ

"ಇದನ್ನೆಲ್ಲ ಈಗ ಯಾರು ಮಾಡ್ತಾರೆ ಮೇಡಂ?"

ನೌಕರಿಯ ಕೊನೆಯ ಎರಡು ವರ್ಷ ಈ ಮಾತನ್ನು ಎಷ್ಟು ಸಲ ಕೇಳಿಸಿಕೊಂಡೆನೋ ಲೆಕ್ಕವಿಲ್ಲ. ಹೇಳುತ್ತಿದ್ದವನು ನಮ್ಮ ಮ್ಯಾನೇಜರ್. ಮೈಸೂರು ಕಡೆಯವನು, ವಯಸ್ಸಿನಲ್ಲಿ ನನ್ನ ತಮ್ಮನ ಮಗನಷ್ಟಿದ್ದ. ಕೆಟ್ಟವನೇನೂ ಅಲ್ಲ. ಊರಿಂದ ಬಂದಾಗ ನನ್ನ ಮೇಜಿನ ಮೇಲೆ ಚಿರೋಟಿ ತಂದಿಡುತ್ತಿದ್ದ. ಆದರೆ ನಾನು ಕೆಲಸ ಮಾಡುವ ರೀತಿ ಕಂಡರೆ ಅವನ ಮುಖದಲ್ಲಿ ಒಂದು ನಗು ಬರುತ್ತಿತ್ತು, ಹಳೇ ಕಾಲದ ಅತ್ತೆ ಇನ್ನೂ ಒರಳಲ್ಲೇ ರುಬ್ಬುತ್ತಾಳೆ ಎಂದು ಸೊಸೆ ನಗುವ ಹಾಗೆ. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಆಫೀಸು ಇದ್ದದ್ದು ಪುಣೆಯ ಯೆರವಡಾದ ಐಟಿ ಪಾರ್ಕಿನಲ್ಲಿ. ಒಂದು ವಿಮಾ ಸಂಸ್ಥೆಯ ಮೇನ್‌ಫ್ರೇಮ್ ಕೆಲಸ ನಮ್ಮದು. ಮೇನ್‌ಫ್ರೇಮ್ ಎಂದರೆ ಮ್ಯೂಸಿಯಮ್ಮಿಗೆ ಹೋಗಬೇಕಾದ ಯಂತ್ರ ಎಂದುಕೊಂಡವರೇ ಜಾಸ್ತಿ. ಆದರೆ ನೀವು ಮೊಬೈಲಿನಲ್ಲಿ ಒಂದು ಕಂತು ಕಟ್ಟಿದರೆ, ಅದನ್ನು ಕೊನೆಗೆ ಬರೆದುಕೊಳ್ಳುವುದು ಎಲ್ಲೋ ಹಿಂದಿನ ಕೋಣೆಯಲ್ಲಿ ಕೂತ ಇಂಥದೇ ಒಂದು ದೊಡ್ಡ ಯಂತ್ರ. ಅದರೊಳಗಿನ ಪ್ರೋಗ್ರಾಮುಗಳು ನನ್ನ ಮದುವೆಗಿಂತ ಹಳೆಯವು. ಅವುಗಳನ್ನು ಕೆಡದಂತೆ ನೋಡಿಕೊಳ್ಳುವುದು, ಸಂಸ್ಥೆ ನಿಯಮ ಬದಲಿಸಿದಾಗ ಒಂದೆರಡು ಸಾಲು ತಿದ್ದುವುದು, ಇಷ್ಟೇ ನನ್ನ ಇಡೀ ನೌಕರಿ.

ಆ ತಿದ್ದುವುದಕ್ಕೆ ಒಂದು ಪದ್ಧತಿ ಇತ್ತು. ಹಳೆಯ ಸಾಲನ್ನು ಅಳಿಸಬಾರದು. ಅದರ ಮುಂದೊಂದು ನಕ್ಷತ್ರದ ಗುರುತು ಹಾಕಬೇಕು. ಹಾಕಿದರೆ ಯಂತ್ರ ಅದನ್ನು ಓದದೆ ಮುಂದೆ ಹೋಗುತ್ತದೆ, ಮನುಷ್ಯರಿಗೆ ಮಾತ್ರ ಕಾಣುತ್ತದೆ. ಅದರ ಕೆಳಗೆ ಹೊಸ ಸಾಲು ಬರೆಯಬೇಕು. ಬರೆದವರು ಬಲಗಡೆ ಅಂಚಿನಲ್ಲಿ ತಮ್ಮ ಗುರುತನ್ನು ಹಾಕಬೇಕು. ಈ ಬಲಗಡೆ ಅಂಚಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಮುಂದಿನದೆಲ್ಲ ನಿಂತಿರುವುದು ಅದರ ಮೇಲೆಯೇ. ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯ ಪ್ರೋಗ್ರಾಮಿನ ಒಂದು ಸಾಲಿನಲ್ಲಿ ಎಂಬತ್ತು ಅಕ್ಷರಗಳಿಗೆ ಜಾಗ, ಚೌಕಳಿ ಹಾಳೆಯ ಮನೆಗಳಂತೆ. ಅದರಲ್ಲಿ ಎಪ್ಪತ್ತೆರಡನೇ ಮನೆಯವರೆಗೆ ಮಾತ್ರ ಯಂತ್ರ ಓದುತ್ತದೆ. ಅದರಾಚೆಯ ಮನೆಗಳು ನಮ್ಮ ಗುರುತಿಗೆ. ಅಲ್ಲಿ ನೀವು ಏನು ಬರೆದರೂ ಯಂತ್ರಕ್ಕೆ ಅದು ಇಲ್ಲವೇ ಇಲ್ಲ. ತಪ್ಪು ಎಂದು ಸಹ ಹೇಳುವುದಿಲ್ಲ.

ಇನ್ನೂ ಒಂದು ಪದ್ಧತಿ ಇತ್ತು. ಬರೀ ಅಂದಚೆಂದಕ್ಕೆ ಸಾಲನ್ನು ಅತ್ತಿತ್ತ ಸರಿಸಿದರೂ, ಯಂತ್ರ ಅದನ್ನು ಹೇಗೆ ಓದಿಕೊಂಡಿತು ಎಂಬುದರ ಪ್ರತಿಯನ್ನು ತೆಗೆದು ಹಳೆಯ ಪ್ರತಿಯ ಜೊತೆ ಸಾಲು ಸಾಲಾಗಿ ಹೋಲಿಸಬೇಕು. ಅಡಿಪಟ್ಟಿ ಇಟ್ಟುಕೊಂಡು ಮಾಡುವ ಕೆಲಸ. ಕಣ್ಣು ಉರಿಯುತ್ತದೆ, ನೂರಕ್ಕೆ ನೂರು ಸಲ ಏನೂ ಸಿಗುವುದಿಲ್ಲ. ನಾನು ಬಿಡದೆ ಮಾಡುತ್ತಿದ್ದೆ.

ಇದು ನನ್ನ ಮನೆಯಿಂದ ಬಂದ ರೋಗ. ನಾನು ಬೆಳೆದದ್ದು ಖಡಕಿಯ ಕ್ವಾರ್ಟರ್ಸಿನಲ್ಲಿ. ಅಪ್ಪ ಮದ್ದುಗುಂಡಿನ ಕಾರ್ಖಾನೆಯಲ್ಲಿದ್ದರು. ಗೇಟಿನಲ್ಲಿ ದಿನಾ ಜೇಬು ತಡವಿ ಬೆಂಕಿಪೊಟ್ಟಣ ಇದೆಯೇ ಎಂದು ನೋಡಿ ಒಳಗೆ ಬಿಡುತ್ತಿದ್ದರು. ಅಪ್ಪ ಜನ್ಮದಲ್ಲಿ ಒಂದು ಬೀಡಿ ಸೇದಿದವರಲ್ಲ. "ದಿನಾ ಯಾಕ ನೋಡ್ತಾರಪ್ಪಾ, ನಿನ್ನ ಮ್ಯಾಲೆ ಸಂಶೆ ಏನು?" ಎಂದು ಕೇಳಿದ್ದೆ. "ನನ್ನ ಮ್ಯಾಲೆ ಸಂಶೆ ಅಲ್ಲವ್ವಾ, ಮದ್ದಿಂದು ಅಂಜಿಕಿ" ಎಂದಿದ್ದರು.

ಮ್ಯಾನೇಜರಿಗೆ ಈ ಕತೆ ಹೇಳಿದೆ. ಅವನು ನಕ್ಕ. ಆಮೇಲೆ "ಕ್ಲೀನಪ್" ಶುರುವಾಯಿತು.

ಎಲ್ಲ ಪ್ರೋಗ್ರಾಮುಗಳನ್ನೂ ಹೊಸ ರೀತಿಯ ಕಂಪ್ಯೂಟರ್ ಕಣಜಕ್ಕೆ ಸಾಗಿಸಬೇಕು, ಯಾರು ಯಾವಾಗ ಏನು ತಿದ್ದಿದರು ಎಂಬುದನ್ನು ಇನ್ನು ಆ ಕಣಜವೇ ನೆನಪಿಟ್ಟುಕೊಳ್ಳುತ್ತದೆ, ಹಾಗಾಗಿ ನಕ್ಷತ್ರದ ಸಾಲುಗಳೂ ಅಂಚಿನ ಗುರುತುಗಳೂ ಬೇಡ ಎಂದು ತೀರ್ಮಾನವಾಯಿತು. ಒಂದು ಸಾಫ್ಟ್‌ವೇರ್ ಎಲ್ಲವನ್ನೂ ತಾನೇ ಅಳಿಸಿ, ಸಾಲುಗಳನ್ನು ನೀಟಾಗಿ ಒಳಸರಿಸಿ ಜೋಡಿಸಿತು. ನೋಡಲು ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ. ನಾನು ಮೀಟಿಂಗಿನಲ್ಲಿ ಎದ್ದು, "ಹಳೆಯ ಪ್ರತಿಯ ಜೊತೆ ಹೋಲಿಸದೆ ಒಂದು ಸಾಲನ್ನೂ ಒಳಗೆ ಬಿಡಬೇಡಿ" ಎಂದೆ. ಸಾವಿರಾರು ಪ್ರೋಗ್ರಾಮು, ಯಾರು ಹೋಲಿಸುತ್ತಾರೆ ಎಂದರು. "ನಾನು ಕೂತು ಮಾಡ್ತೀನಿ" ಎಂದೆ. ಯಾರೋ ಹಿಂದೆ ಕಿಸಕ್ಕೆಂದರು. ನನ್ನ ಬಾಯಿ ಸುಮ್ಮನಿರುವ ಬಾಯಿಯಲ್ಲ, ಹೇಳಬಾರದ್ದನ್ನೂ ಹೇಳಿದೆ. ಕ್ಲೀನಪ್ ಮುಗಿದ ಮೇಲೆ ತಂಡದಲ್ಲಿ ಇಷ್ಟು ಜನ ಬೇಕಿಲ್ಲ ಎಂದಾಯಿತು. ಬೇಕಿಲ್ಲದವರಲ್ಲಿ ನಾನೇ ಮೊದಲನೆಯವಳು. ಹೂಗುಚ್ಛ ಕೊಟ್ಟು, ಕಚೇರಿಯ ಸಿಮ್ ಕಾರ್ಡು, ಐಡಿ ಕಾರ್ಡು ತೆಗೆದುಕೊಂಡು ಕಳಿಸಿದರು.

ಅದೇ ಬೇಸಿಗೆಯಲ್ಲಿ ನನ್ನ ಗಂಡನಿಗೆ ಎದೆ ಹಿಡಿಯಿತು.

ಅವರದು ಖಡಕಿ ಬಜಾರಿನಲ್ಲಿ ಸೈಕಲ್ ಬಿಡಿಭಾಗಗಳ ಅಂಗಡಿ. ಶಟರ್ ಎತ್ತುವಾಗ ಕೈ ಅರ್ಧಕ್ಕೇ ನಿಂತಿತಂತೆ. ಪಕ್ಕದ ಅಂಗಡಿಯವರು ರಿಕ್ಷಾದಲ್ಲಿ ಹಾಕಿಕೊಂಡು ವಿಮಾನ ನಗರದ ಹತ್ತಿರದ ಆಸ್ಪತ್ರೆಗೆ ತಂದರು. ನಾನು ಓಡಿಹೋಗುವಷ್ಟರಲ್ಲಿ ಹಾಸಿಗೆಯ ಮೇಲೆ ಕೂತು, ಅಂಗಡಿಗೆ ಬೀಗ ಹಾಕಿದರೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು. ಹೃದಯದ ರಕ್ತನಾಳಗಳು ಮೂರು ಕಡೆ ಕಟ್ಟಿವೆ, ಬೈಪಾಸ್ ಆಗಲೇಬೇಕು, ಕಾಯುವಂತಿಲ್ಲ ಎಂದು ಡಾಕ್ಟರ್ ಹೇಳಿದರು. ವಿಮಾ ಸಂಸ್ಥೆಯಿಂದ ಮಂಜೂರಾತಿ ಬಂದ ಕೂಡಲೇ ಆಪರೇಷನ್ ಎಂದರು. ನಾನು ತಲೆಯಾಡಿಸಿದೆ. ವಿಮೆಯ ವಿಷಯದಲ್ಲಿ ನನಗೆ ಚಿಂತೆಯೇ ಇರಲಿಲ್ಲ. ನಮ್ಮಿಬ್ಬರ ಪಾಲಿಸಿ ಇದ್ದದ್ದು ನಾನು ಇಡೀ ನೌಕರಿ ಯಾರ ಪ್ರೋಗ್ರಾಮುಗಳನ್ನು ನೋಡಿಕೊಂಡೆನೋ ಆ ವಿಮಾ ಸಂಸ್ಥೆಯಲ್ಲೇ.

ಕೆಳಗಡೆ ವಿಮೆಯ ಕೌಂಟರಿನಲ್ಲಿ ಕೂತ ಹುಡುಗಿ ನಂಬರ್ ಒತ್ತಿ ನೋಡಿದಳು. "ಪಾಲಿಸಿ ಲ್ಯಾಪ್ಸ್ ಝಾಲೀ ಆಹೆ, ಮ್ಯಾಡಮ್" ಎಂದಳು. ಪಾಲಿಸಿ ಸತ್ತಿದೆ ಎಂದರ್ಥ.

ಹೇಗೆ ಸಾಧ್ಯ? ಕಂತು ನನ್ನ ಸಂಬಳದ ಖಾತೆಯಿಂದ ತಾನಾಗಿ ಹೋಗುತ್ತಿತ್ತು. ಸಂಬಳ ನಿಂತ ತಿಂಗಳು ಕಂತೂ ನಿಂತಿತ್ತು, ನಿಜ. ಒಂದು ವಾರದ ಮೇಲೆ ನೆನಪಾಗಿ ನಾನೇ ಕಟ್ಟಿದ್ದೆ. ಗಾಬರಿಯೇನೂ ಆಗಿರಲಿಲ್ಲ. ಎಲ್ಲರೂ ಪಾಲಿಸಿಯ ಹಿಂದಿನ ಸಣ್ಣಕ್ಷರ ಓದಿ ತಿಳಿದುಕೊಳ್ಳುವುದನ್ನು ನಾನು ಪ್ರೋಗ್ರಾಮಿನ ಸಾಲಿನಲ್ಲೇ ಓದಿದ್ದೆ: ಕಂತು ತಪ್ಪಿ ಮೂವತ್ತು ದಿನ ದಾಟಿದರೆ ಮಾತ್ರ ಪಾಲಿಸಿ ನಿಲ್ಲಿಸು. ಆ ಸಾಲನ್ನು ಕಣ್ಣು ಮುಚ್ಚಿ ಬರೆದು ತೋರಿಸಬಲ್ಲೆ. ಒಂದು ವಾರ ಯಾವ ಲೆಕ್ಕ?

ಆ ಹುಡುಗಿಯ ಮೇಲೆ ಹಾರಿಹೋದೆ. ಪಾಪ, ಅವಳದೇನು ತಪ್ಪು? ಸಹಾಯವಾಣಿಗೆ ಫೋನ್ ಹಚ್ಚಿದೆ. ಹಾಡು ಕೇಳಿಸಿದರು, ಮತ್ತೆ ಹಾಡು ಕೇಳಿಸಿದರು, ಕೊನೆಗೊಬ್ಬ "ಸಿಸ್ಟಮ್‌ನಲ್ಲಿ ಲ್ಯಾಪ್ಸ್ ಅಂತ ಇದೆ, ಪುನಶ್ಚೇತನಕ್ಕೆ ಅರ್ಜಿ ಹಾಕಿ, ವೈದ್ಯಕೀಯ ತಪಾಸಣೆ ಆಗಬೇಕು" ಎಂದ. ಮನುಷ್ಯ ಹಾಸಿಗೆಯ ಮೇಲೆ ಮಲಗಿದ್ದಾನೆ, ಆರೋಗ್ಯವಾಗಿದ್ದೇನೆ ಎಂದು ಬರೆದುಕೊಡಬೇಕಂತೆ! ಆಸ್ಪತ್ರೆಯವರು ಮುಂಗಡ ಕಟ್ಟಿ ಎಂದರು. ನಮ್ಮಲ್ಲಿದ್ದದ್ದೆಲ್ಲ ಮನೆಯ ಗೋಡೆಗಳಾಗಿ ನಿಂತಿತ್ತು. ಅಕ್ಕಪಕ್ಕದವರನ್ನು, ಅಣ್ಣತಮ್ಮಂದಿರನ್ನು ಕೇಳಿದೆ, ಅದು ಅರ್ಧದಾರಿಗೂ ಸಾಲುತ್ತಿರಲಿಲ್ಲ. ಮೇಲೆ ಹೋಗಿ ಗಂಡನಿಗೆ ಏನು ಹೇಳಲಿ? "ಆತೇನ?" ಎಂದು ಕೇಳಿದರು. "ಆಗ್ತದ್ರೀ, ಸ್ವಲ್ಪ ಕಾಗದಪತ್ರ ಅದ" ಎಂದೆ. ಅವರು ನನ್ನ ಮುಖವನ್ನು ನೋಡುತ್ತಲೇ ಇದ್ದರು. ನನ್ನ ಸುಳ್ಳನ್ನು ಅವರು ಯಾವತ್ತೂ ನಂಬಿದವರಲ್ಲ.

ಕೌಂಟರಿನ ಮುಂದಿನ ಬೆಂಚಿನ ಮೇಲೆ ಒಬ್ಬಳು ಹೆಂಗಸು ಕೂತಿರುತ್ತಿದ್ದಳು. ನಾನು ಫೋನಿನಲ್ಲಿ ತಮ್ಮನ ಜೊತೆ ಕನ್ನಡದಲ್ಲಿ ಅಳುತ್ತಿದ್ದುದನ್ನು ಕೇಳಿ ಹತ್ತಿರ ಬಂದಳು. "ನೀವು ನಮ್ಮ ಕಡಿಯವ್ರೇನ್ರಿ ಅಕ್ಕಾರ?" ಎಂದಳು. ಯಾದಗಿರಿ ಕಡೆಯವಳು. ಯೆರವಡಾದಲ್ಲಿ, ಜೈಲಿನ ಗೋಡೆಯ ಹಿಂದೆ ಹಿಟ್ಟಿನ ಗಿರಣಿಯ ಪಕ್ಕ ಮನೆ. ಗಂಡ ಒಂದು ಕಾರ್ಖಾನೆಯಲ್ಲಿ ಕಂತ್ರಾಟಿ ಕೂಲಿ. ಹೃದಯದ ಕವಾಟ ಕೆಟ್ಟಿದೆ, ಬದಲಿಸಬೇಕು. ಕಂತ್ರಾಟದಾರ ಕೂಲಿಯವರನ್ನೆಲ್ಲ ಸೇರಿಸಿ ಒಂದು ಗುಂಪು ವಿಮೆ ಮಾಡಿಸಿದ್ದ. ಕೌಂಟರಿನ ಹುಡುಗಿ ಮರಾಠಿಯಲ್ಲಿ ಏನೋ ಅಂದಳಂತೆ, ಇವಳಿಗೆ ತಿಳಿದದ್ದು "ನಾಹೀ" ಎಂಬುದೊಂದೇ.

"ಏನಂದಳು ಅಂತ ಒಂಚೂರು ಕೇಳಿ ಹೇಳ್ರಿ ಅಕ್ಕಾರ. ರೊಕ್ಕ ಮುರ್ಕೊಳ್ಳಲಕತ್ತಾರ ಪಗಾರದಾಗ ತಿಂಗಳಾ ತಿಂಗಳಾ. ಮತ್ ಯಾಕ ಇಲ್ಲ ಅಂತಾರ?"

ಹೋಗಿ ಕೇಳಿದೆ. ಅದೇ ಸಂಸ್ಥೆ. ಅದೇ ಮಾತು: ಪಾಲಿಸಿ ಲ್ಯಾಪ್ಸ್. ಕಂತ್ರಾಟದಾರ ಪ್ರತಿ ತಿಂಗಳೂ ಹತ್ತು ಹದಿನೈದು ದಿನ ತಡವಾಗಿಯೇ ಕಟ್ಟುವವನು, ಈ ತನಕ ಏನೂ ಆಗಿರಲಿಲ್ಲ. ಯಾವತ್ತು ನಿಂತಿತು ಎಂದು ಕೇಳಿದೆ. ಹುಡುಗಿ ತಾರೀಖು ಓದಿದಳು. ಕಂತಿನ ದಿನದಿಂದ ನಾಲ್ಕನೇ ದಿನ. ನನಗೆ ಏನೋ ಹೊಳೆಯಿತು. "ನನ್ನದು ಯಾವತ್ತು ನಿಂತಿತು, ನೋಡಿ" ಎಂದೆ. ಅದೂ ನಾಲ್ಕನೇ ದಿನ.

ಮೂರು ದಿನ ದಾಟಿದ ಕೂಡಲೇ ನಿಲ್ಲಿಸಿದೆ. ಮೂವತ್ತಲ್ಲ, ಮೂರು.

ಅಲ್ಲೇ ಬೆಂಚಿನ ಮೇಲೆ ಕೂತೆ. ಆ ಸಾಲು ನನ್ನ ಕಣ್ಣ ಮುಂದೆ ಬಂತು. ಉದ್ದನೆಯ ಸಾಲು ಅದು, ಬಲಗಡೆ ಅಂಚಿಗೆ ಹತ್ತಿಕೊಂಡು ನಿಂತಿತ್ತು. ಮೂವತ್ತರ ಸೊನ್ನೆಯ ಹತ್ತಿರವೇ ಹಿಂದೆ ಯಾರೋ ಹಾಕಿದ ಗುರುತು ಶುರುವಾಗುತ್ತಿತ್ತು. ಆ ಗುರುತು ಅಲ್ಲಿರುವ ತನಕ ಸಾಲನ್ನು ಬಲಕ್ಕೆ ಸರಿಸಲು ಜಾಗವೇ ಇರಲಿಲ್ಲ, ಸರಿಸಿದರೆ ಗುರುತಿಗೆ ಢಿಕ್ಕಿ ಹೊಡೆಯುತ್ತಿತ್ತು. ಕ್ಲೀನಪ್‌ನಲ್ಲಿ ಗುರುತುಗಳನ್ನು ಅಳಿಸಿದರು. ಆಮೇಲೆ ಚೆಂದಕ್ಕೆಂದು ಸಾಲುಗಳನ್ನು ಒಳಸರಿಸಿದರು. ಸಾಲು ಬಲಕ್ಕೆ ಜರುಗಿತು. ಸೊನ್ನೆ ಎಪ್ಪತ್ತೆರಡರ ಆಚೆ ಬಿತ್ತು. ಯಂತ್ರ ಮೂರು ಎಂದು ಓದಿಕೊಂಡಿತು.

ಮ್ಯಾನೇಜರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತುವ ತನಕ ಮಾಡಿದೆ.

"ಮೇಡಂ, ಮೀಟಿಂಗಲ್ಲಿದೀನಿ. ಎನಿಥಿಂಗ್ ಅರ್ಜೆಂಟ್?"

ಗಂಡನ ವಿಷಯ ಹೇಳಿದೆ. ಆ ಸಾಲನ್ನು ತೆರೆದು ನೋಡಿ ಎಂದೆ. ಕ್ಲೈಂಟಿನ ಕೋಡ್, ಹೊರಗಿನವರ ಜೊತೆ ಚರ್ಚೆ ಮಾಡೋ ಹಾಗಿಲ್ಲ ಎಂದ. ಹೊರಗಿನವರು! ಆ ಮಾತಿಗೆ ಬೇರೆ ದಿನವಾಗಿದ್ದರೆ ಫೋನಿನೊಳಗೆ ಕೈ ಹಾಕಿ ಅವನ ಕಿವಿ ಹಿಂಡುತ್ತಿದ್ದೆ. ಆವತ್ತು ಬೇಡಿಕೊಂಡೆ. ನನ್ನ ಬಾಯಿಂದ ಅಂಥ ಮಾತು ಅವನು ಕೇಳಿರಲಿಲ್ಲ. ಆ ಕಡೆಯಿಂದ ಕೀಬೋರ್ಡಿನ ಸದ್ದು ಕೇಳಿಸಿತು.

"ನೋಡ್ದೆ ಮೇಡಂ. ಥರ್ಟಿ ಅಂತಾನೇ ಇದೆ. ಕ್ಲಿಯರ್ ಆಗಿ ಕಾಣಿಸ್ತಾ ಇದೆ."

"ಆ ಸೊನ್ನೆ ಎಷ್ಟನೇ ಮನೆಯಲ್ಲಿದೆ?"

"ಅಂದ್ರೆ? ಥರ್ಟಿ ಇದೆ ಅಂತಿದೀನಲ್ಲ. ನಾನೇನ್ ಕುರುಡನಾ ಮೇಡಂ? ಟೆಸ್ಟಿಂಗೂ ಪಾಸಾಗಿದೆ. ಟೈಮ್‌ಗೆ ಕಟ್ಟಿದವರದು ಒಂದ್ ಕೇಸ್, ನಲವತ್ತು ದಿನ ಲೇಟಾದವರದು ಒಂದ್ ಕೇಸ್. ಎರಡೂ ಕರೆಕ್ಟಾಗೇ ಬಂತು."

ಬಾರದೆ ಏನು ಮಾಡುತ್ತದೆ? ಮೂರಿದ್ದರೂ ನಲವತ್ತು ದಾಟಿದ್ದೇ, ಮೂವತ್ತಿದ್ದರೂ ದಾಟಿದ್ದೇ. ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಅವನನ್ನು ನೀವು ತಾವು ಎಂದು ಮಾತಾಡಿಸಿದವಳು ಆವತ್ತು ಏಕವಚನಕ್ಕೂ ಖಡಕಿಯ ಮಾತಿಗೂ ಇಳಿದುಬಿಟ್ಟೆ.

"ನೀ ಕುರುಡ ಅಲ್ಲೋ ತಮ್ಮಾ. ಎಪ್ಪತ್ತೆರಡರ ಆಚಿ ಯಂತ್ರ ಕುರುಡು. ನಿನ್ನ ಕಾಲ್ ಬೀಳ್ತೀನಿ, ಆ ಸೊನ್ನಿ ಎಷ್ಟನೇ ಮನ್ಯಾಗ ಕೂತದ, ಅಷ್ಟ ಎಣಿಸಿ ಹೇಳು."

ಎಣಿಸುವ ಸದ್ದು ಕೇಳಿಸುತ್ತಿರಲಿಲ್ಲ, ಆದರೆ ಅವನು ಎಣಿಸುತ್ತಿದ್ದಾನೆ ಎಂದು ಗೊತ್ತಾಗುತ್ತಿತ್ತು. ಬೆಂಚಿನ ಮೇಲೆ ಆ ಹೆಂಗಸು ನನ್ನ ಬಾಯನ್ನೇ ನೋಡುತ್ತಿದ್ದಳು.

"ಸೆವೆಂಟಿ ತ್ರೀ," ಎಂದ. ಆಮೇಲೆ, "ಅಯ್ಯೋ," ಎಂದ.

ಗೆದ್ದೆ ಎಂದು ಅನ್ನಿಸಬೇಕಿತ್ತು. ಏನೂ ಅನ್ನಿಸಲಿಲ್ಲ. "ತಿದ್ದಪ್ಪಾ. ಈಗಲೇ ತಿದ್ದು" ಎಂದೆ.

ಅವನ ದನಿ ಇಳಿದುಹೋಯಿತು. "ಮೇಡಂ, ಫ್ರೀಜ್ ಇದೆ."

ಫ್ರೀಜ್ ಎಂದರೆ ಬೀಗ. ತ್ರೈಮಾಸಿಕದ ಲೆಕ್ಕ ಮುಗಿಯುವ ತನಕ ಓಡುತ್ತಿರುವ ಯಂತ್ರದೊಳಗೆ ಒಂದಕ್ಷರವನ್ನೂ ಬದಲಿಸುವಂತಿಲ್ಲ. ತುರ್ತು ಎಂದರೂ ಸಂಸ್ಥೆಯವರ ಸಮಿತಿ ಕೂರಬೇಕು, ಯಾರ್ಯಾರಿಗೆ ತೊಂದರೆಯಾಗಿದೆ ಎಂಬ ವರದಿ ಬೇಕು, ಪೂರ್ತಿ ಪರೀಕ್ಷೆ ಮತ್ತೆ ಓಡಬೇಕು.

"ಒಂದು ಸಾಲೋ! ಒಂದೇ ಸಾಲು, ಎಡಕ್ಕ ಒಂದು ಮನಿ ಸರಿಸೋದು!"

"ಮೇಡಂ," ಎಂದ, ಮೆಲ್ಲಗೆ. "ಒಂದೇ ಸಾಲು ಅಂತ ನನ್ ಹತ್ರ ಯಾವತ್ತೂ ಹೇಳ್ಬೇಡಿ ಅಂತ ನೀವೇ ಅಲ್ವಾ ಹೇಳಿದ್ದು? ನಾನು ಸೇರಿದ ಹೊಸದರಲ್ಲಿ ಫ್ರೀಜ್‌ನಲ್ಲಿ ಒಂದು ಲೈನ್ ತಳ್ಳೋಕೆ ಹೋಗಿದ್ದೆ, ಇಡೀ ಫ್ಲೋರ್ ಮುಂದೆ ಬೈದಿದ್ರಿ."

ಬೈದಿದ್ದೆ. ಸರಿಯಾಗಿಯೇ ಬೈದಿದ್ದೆ. ಆ ನಿಯಮ ಬರೆದದ್ದೇ ನಾನು. ಅವಸರದಲ್ಲಿ ಒಂದೇ ಸಾಲು ತಿದ್ದಲು ಹೋಗಿ ಇಡೀ ತಿಂಗಳ ಲೆಕ್ಕವನ್ನು ಕೆಡಿಸಿದವರನ್ನು ನಾನು ಕಂಡಿದ್ದೆ. ನನ್ನ ಹಳೆಯ ಪದ್ಧತಿಗಳಲ್ಲಿ ಎಲ್ಲವನ್ನೂ ಗುಡಿಸಿ ಎಸೆದಿದ್ದರು, ಇದೊಂದನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡಿದ್ದರು. ನನಗೆ ನಗು ಬಂತೋ ಅಳು ಬಂತೋ ಗೊತ್ತಿಲ್ಲ, ಗಂಟಲಿಂದ ಏನೋ ಒಂದು ಸದ್ದು ಬಂತು.

ಅವನು ಗಾಬರಿಯಾದ. ಏನಾದರೂ ಮಾಡುತ್ತೇನೆ, ಪಾಲಿಸಿ ನಂಬರ್ ಕಳಿಸಿ ಎಂದ. ನಾನು ಎರಡು ನಂಬರ್ ಕಳಿಸಿದೆ, ನಮ್ಮದೂ ಆ ಹೆಂಗಸಿನ ಗಂಡನದೂ. ಮಧ್ಯಾಹ್ನ ಕಳೆಯಿತು. ಮೇಲೆ ಹೋಗಿ ನನ್ನ ಗಂಡನ ಕಾಲ ಬಳಿ ಕೂತೆ, ಕೆಳಗೆ ಬಂದು ಬೆಂಚಿನ ಮೇಲೆ ಕೂತೆ. ಅವಳು ಡಬ್ಬಿಯಿಂದ ಅರ್ಧ ರೊಟ್ಟಿ ಮುರಿದುಕೊಟ್ಟಳು. ನುಂಗಲಾಗಲಿಲ್ಲ, ಆದರೂ ಕೈಯಲ್ಲಿ ಹಿಡಿದುಕೊಂಡೆ. ಸಂಜೆ ಅವನ ಫೋನ್ ಬಂತು.

ನಮ್ಮದಾಯಿತು. ಸಂಸ್ಥೆಯ ಒಬ್ಬ ಅಧಿಕಾರಿಯನ್ನು ಹಿಡಿದು, ಬಿಡಿ ಪಾಲಿಸಿಯಾದ್ದರಿಂದ ಕೈಯಾರೆ ಮತ್ತೆ ಚಾಲೂ ಮಾಡಿಸಿದ್ದ. ರಾತ್ರಿಯೊಳಗೆ ಮಂಜೂರಾತಿ ಬರುತ್ತದೆ. ಇನ್ನೊಂದು?

"ಅದು ಗ್ರೂಪ್ ಪಾಲಿಸಿ ಮೇಡಂ. ಒಬ್ಬರನ್ನೇ ಬಿಡಿಸಿ ಆ್ಯಕ್ಟಿವ್ ಮಾಡೋಕೆ ಬರಲ್ಲ. ಇಡೀ ಗ್ರೂಪ್ ಏಳಬೇಕು ಅಂದ್ರೆ ಪ್ರೋಗ್ರಾಮೇ ಸರಿಹೋಗ್ಬೇಕು. ಫ್ರೀಜ್ ಮುಗಿದ ತಕ್ಷಣ ಮಾಡ್ತೀವಿ, ಪ್ರಾಮಿಸ್. ನಾನು ಕ್ಲೈಂಟ್‌ಗೆ ಎಲ್ಲಾ ಬರೆದು ಹಾಕಿದೀನಿ, ನನ್ ತಪ್ಪು ಅಂತಾನೂ ಬರೆದಿದೀನಿ."

ಅವನನ್ನು ಬೈಯಲು ಬಾಯಿ ತೆರೆದೆ. ಏನೆಂದು ಬೈಯಲಿ? ಅವನು ನನ್ನ ನಿಯಮವನ್ನೇ ನನಗೆ ಒಪ್ಪಿಸುತ್ತಿದ್ದ.

ಫೋನ್ ಇಟ್ಟು ಅವಳ ಕಡೆ ತಿರುಗಿದೆ. ಅವಳು ಎದ್ದು ನಿಂತಿದ್ದಳು. ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೇಳಬೇಕೆಂದರೆ, ನನ್ನ ಗಂಡ ಉಳಿದರು ಎಂಬ ಸಂತೋಷವಿತ್ತು, ಅವಳ ಮುಖ ನೋಡಲು ಹೆದರಿಕೆಯಾಗುತ್ತಿತ್ತು. ಎರಡೂ ಒಟ್ಟಿಗೇ ಇದ್ದವು.

ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. ಕಂಪ್ಯೂಟರಿನಾಗ ಮೂವತ್ತು ದಿನ ಅಂತ ಇತ್ತವ್ವಾ, ಅದರದೊಂದು ಸೊನ್ನಿ ಬಿದ್ದು ಹೋಗೇದ, ಮೂರು ದಿನ ಅಂತ ಆಗೇದ, ನಿಮ್ಮ ತಪ್ಪಿಲ್ಲ, ಕಂತ್ರಾಟದಾರಂದೂ ಇಲ್ಲ, ಅದನ್ನ ಸರಿ ಮಾಡ್ತಾರ, ಆದರ ಇನ್ನೂ ದಿನ ಹಿಡಿತದ.

ಅವಳು ಕೇಳಿದಳು:

"ಒಂದು ಸೊನ್ನಿ ಏನ್ರಿ?"

"ಹೂಂನವ್ವಾ."

"ಒಂದು ಸೊನ್ನಿ ಹಚ್ಚಲಕ್ಕ ಎಷ್ಟೊತ್ತು ಬೇಕ್ರಿ ಅಕ್ಕಾರ?"

ಸಿಟ್ಟಿನಿಂದ ಕೇಳಿದ್ದಲ್ಲ. ತಿಳಿದುಕೊಳ್ಳಲು ಕೇಳಿದಳು, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಷ್ಟು ಸರಳವಾಗಿ. ನನಗೆ ಉತ್ತರ ಗೊತ್ತಿತ್ತು. ನನ್ನಷ್ಟು ಚೆನ್ನಾಗಿ ಆ ಉತ್ತರ ಗೊತ್ತಿರುವವರು ಇಡೀ ಪುಣೆಯಲ್ಲಿ ಇರಲಿಕ್ಕಿಲ್ಲ. ಹಚ್ಚಲು ಒಂದು ಗಳಿಗೆ. ಹಚ್ಚಲು ಬಿಡುವುದಕ್ಕೆ ಬೇಕು ಉಳಿದ ದಿನಗಳೆಲ್ಲ. ಅವಳ ಕೈ ಹಿಡಿದುಕೊಂಡು ಕೂತೆ, ಅಷ್ಟೇ.

ಮರುದಿನ ಬೆಳಿಗ್ಗೆ ನನ್ನ ಗಂಡನನ್ನು ಒಳಗೆ ಕರೆದುಕೊಂಡು ಹೋದರು. ಅವರು ಒಳಗಿದ್ದಷ್ಟು ಹೊತ್ತೂ ನಾನು ಗೋಡೆಗೆ ಹಣೆ ಹಚ್ಚಿ ನಿಂತಿದ್ದೆ. ದೇವರ ಹೆಸರು ನೆನಪಾಗಲಿಲ್ಲ, ಆ ಸಾಲೊಂದೇ ತಲೆಯಲ್ಲಿ ತಿರುಗುತ್ತಿತ್ತು. ಆಪರೇಷನ್ ಚೆನ್ನಾಗಿ ಆಯಿತು. ಐಸಿಯುವಿನ ಗಾಜಿನಾಚೆ ಅವರನ್ನು ನೋಡಿ ಕೆಳಗೆ ಬಂದರೆ ಬೆಂಚು ಖಾಲಿ. ವಾರ್ಡಿಗೆ ಹೋದೆ. ಅವಳ ಗಂಡನ ಹಾಸಿಗೆಯಲ್ಲಿ ಬೇರೆ ಯಾರೋ ಮುದುಕರು. ಗುಳಿಗೆ ಬರೆಸಿಕೊಂಡು, ವಿಮೆ ಸರಿಯಾದ ಮೇಲೆ ಬರುತ್ತೇವೆ ಎಂದು ಮನೆಗೆ ಹೋದರು ಎಂದು ನರ್ಸ್ ಹೇಳಿದಳು. ಸರ್ಕಾರಿ ಆಸ್ಪತ್ರೆಯ ಚೀಟಿ ಬರೆದುಕೊಟ್ಟಿದ್ದರಂತೆ. ಅಲ್ಲಿಯೂ ಸರದಿ ಉದ್ದ ಎಂದು ಅವಳೇ ಸೇರಿಸಿದಳು.

ನಾನು ಆ ಹೆಂಗಸಿನ ಫೋನ್ ನಂಬರ್ ಕೇಳಿಯೇ ಇರಲಿಲ್ಲ. ಮನೆ ಎಲ್ಲಿ ಎಂಬುದಷ್ಟೇ ಗೊತ್ತಿತ್ತು. ಹೋಗಬಹುದಿತ್ತು. ಆದರೆ ಹೋಗಿ ಏನು ಹೇಳುವುದು, ಇನ್ನೂ ಹಚ್ಚಿಲ್ಲ ಎಂದೇ? ನನ್ನ ಗಂಡನನ್ನು ಮನೆಗೆ ಕರೆತಂದೆ, ಉಪ್ಪಿಲ್ಲದ ಸಾರು ಮಾಡಿ ಹಾಕಿದೆ, ಬೈಸಿಕೊಂಡೆ. ಮ್ಯಾನೇಜರಿಗೆ ದಿನಾ ಮೆಸೇಜ್ ಮಾಡಿದೆ. "ಸಮಿತಿ ಮುಂದೆ ಇದೆ ಮೇಡಂ" ಎಂದು ದಿನಾ ಉತ್ತರಿಸಿದ. ಒಮ್ಮೆ ಅವನೇ ಫೋನ್ ಮಾಡಿ, ಎಲ್ಲ ಪ್ರೋಗ್ರಾಮುಗಳಲ್ಲೂ ಎಪ್ಪತ್ತೆರಡರ ಆಚೆ ಏನಾದರೂ ಬಿದ್ದಿದೆಯೇ ಎಂದು ಹುಡುಕಿಸುತ್ತಿದ್ದೇವೆ, ಹಳೆಯ ಪ್ರತಿಯ ಜೊತೆ ಹೋಲಿಸುವ ಪದ್ಧತಿಯನ್ನು ಮತ್ತೆ ಶುರು ಮಾಡಿದ್ದೇವೆ, ನೀವು ಬಂದು ನಮ್ಮ ಹುಡುಗರಿಗೆ ಒಮ್ಮೆ ಹೇಳಿಕೊಡಬೇಕು ಎಂದ. ಇಡೀ ನೌಕರಿ ಕಾದ ಮಾತು ಅದು. ಸಿಹಿ ಹತ್ತಲಿಲ್ಲ.

ಫ್ರೀಜ್ ಮುಗಿದ ದಿನ ಅವನು ಹೇಳಿದಂತೆಯೇ ಮಾಡಿದ. ಬೆಳಿಗ್ಗೆಯೇ ಫೋನ್. ದನಿಯಲ್ಲಿ ಹುರುಪು.

"ಹೋಯ್ತು ಮೇಡಂ, ಲೈವ್ ಆಯ್ತು! ತಪ್ಪಾಗಿ ಲ್ಯಾಪ್ಸ್ ಆದ ಎಲ್ಲ ಪಾಲಿಸಿಗಳೂ ಆ್ಯಕ್ಟಿವ್. ಹಿಂದಿನ ಡೇಟಿಂದಾನೇ. ರೆಕಾರ್ಡಲ್ಲಿ ಈಗ ನೋಡಿದ್ರೆ ಒಂದ್ ದಿನಾನೂ ನಿಂತೇ ಇರ್ಲಿಲ್ಲ ಅನ್ನೋ ಹಾಗಿದೆ. ನೀವು ಕೊಟ್ಟ ಆ ಇನ್ನೊಂದು ನಂಬರೂ ನೋಡ್ದೆ, ಅದೂ ಆ್ಯಕ್ಟಿವ್."

ಚಪ್ಪಲಿ ಮೆಟ್ಟಿದವಳೇ ರಿಕ್ಷಾ ಹಿಡಿದೆ. ಜೈಲಿನ ಗೋಡೆಯ ಪಕ್ಕದ ರಸ್ತೆಯಲ್ಲಿ ಇಳಿದು, ಹಿಟ್ಟಿನ ಗಿರಣಿ ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದೆ, ಯಾದಗಿರಿಯವರ ಮನೆ ಯಾವುದು ಎಂದು ಕನ್ನಡದಲ್ಲಿ ಕೇಳಿದೆ. ಗಿರಣಿಯವನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಬಾಗಿಲು ತೋರಿಸಿದ. ತೋರಿಸಿ, ನನ್ನನ್ನೇ ಒಂದು ಗಳಿಗೆ ನೋಡಿ ಒಳಗೆ ಹೋದ.

ಅವಳು ಹೊಸ್ತಿಲ ಒಳಗೆ ನೆಲದ ಮೇಲೆ ಕೂತಿದ್ದಳು. ಮುಂದೆ ನೀಲಿ ಬಣ್ಣದ ಅಂಗಿಗಳು, ಕಾರ್ಖಾನೆಯವು, ಒಗೆದು ಒಣಗಿಸಿದ್ದವು. ಒಂದೊಂದನ್ನೇ ಕೊಡವಿ ಮಡಿಸುತ್ತಿದ್ದಳು. ಅಂಗಿಗಳ ಮೇಲೆ ಅವನ ಐಡಿ ಕಾರ್ಡಿನ ದಾರ ಸುತ್ತಿಟ್ಟಿತ್ತು. ನನ್ನನ್ನು ಕಂಡು ಗುರುತು ಹಿಡಿದು, ಚಾಪೆ ಸರಿಸಿದಳು.

"ಬರ್ರಿ ಅಕ್ಕಾರ. ವಾಪಸ್ ಕೊಡ್ಬೇಕಂತ್ರಿ ಇವು, ಕಂತ್ರಾಟದಾರ ಮಂದಿ ಕಳಸ್ಯಾನ. ಹೊಸಬರಿಗಿ ಬೇಕಂತ."

ನಾನು ಕೂರಲಿಲ್ಲ. ಅವಳ ಹಣೆಯಲ್ಲಿ ಕುಂಕುಮ ಇರಲಿಲ್ಲ. ಅವಳು ಇನ್ನೊಂದು ಅಂಗಿ ಎತ್ತಿಕೊಂಡು ತೋಳುಗಳನ್ನು ಸರಿಮಾಡಿದಳು. ಆಮೇಲೆ ನನ್ನ ಮುಖ ನೋಡಿ, ನಾನು ಅಷ್ಟು ದೂರ ಬಂದದ್ದು ಇದನ್ನು ಹೇಳಲಿಕ್ಕೇ ಎಂದು ತಿಳಿದುಕೊಂಡವಳ ಹಾಗೆ ಕೇಳಿದಳು:

"ಸೊನ್ನಿ ಹಚ್ಚಿದರೇನ್ರಿ ಅಕ್ಕಾರ?"

"ಹಚ್ಚಿದರವ್ವಾ," ಎಂದೆ.

"ಚಲೋ ಆತ್ರಿ," ಎಂದು ಅಂಗಿಯ ಗುಂಡಿ ಹಾಕತೊಡಗಿದಳು.